ಕರೆಂಟ್ ಗಾಡಿಯೂ ಗುರುವಾರವೂ

ಬೇರೆಯವರು ಹೊಸ ವಸ್ತು ಕೊಂಡರೆ ಹೊಟ್ಟೆ ಉರಿಸಿಕೊಳ್ಳುವವರು ಬಹಳ ಮಂದಿ. ನಾನು ಆ ಗುಂಪಿನವನಲ್ಲ. ನನಗೆ ನಗು ಬರುತ್ತದೆ. ಹೊಟ್ಟೆ ಉರಿದರೆ ನಷ್ಟ ನಮಗೆ, ನಕ್ಕರೆ ನಷ್ಟ ಕೊಂಡವನಿಗೆ. ಈ ಶಾಸ್ತ್ರದಲ್ಲಿ ಪುಣೆಯ ಕನ್ನಡಿಗರೊಳಗೆ ನನಗೆ ಸಮಾನರಿಲ್ಲ ಎಂದು ನಾನೇ ಹೇಳಿಕೊಳ್ಳಬೇಕಾಗಿದೆ. ಉಳಿದವರು ಸಂಕೋಚದಿಂದ ಹೇಳುವುದಿಲ್ಲ. ವಾಕಡದ ನಮ್ಮ ಸೊಸೈಟಿಗೆ ಮೊದಲ ಮೈಕ್ರೋವೇವ್ ಬಂದಾಗ, ಅದರ ಎದುರು ಹಾದುಹೋದ ಬೆಕ್ಕಿನ ಮೀಸೆ ಉದುರುತ್ತದೆ ಎಂದು ಯಜಮಾನನನ್ನು ನಂಬಿಸಿದವನು ನಾನು. ಆತನ ಮನೆಯಲ್ಲಿ ಬೆಕ್ಕಿರಲಿಲ್ಲ. ಪಾಪ, ತನ್ನ ಮೀಸೆಯನ್ನೇ ಆಗಾಗ ಮುಟ್ಟಿ ನೋಡಿಕೊಳ್ಳುತ್ತ ಹಾಲು ಬಿಸಿ ಮಾಡುತ್ತಿದ್ದ.

ಹೀಗಿರುವಾಗ ನಮ್ಮ ಕೆಳಗಿನ ಮನೆಯ ಪಲ್ಲಣ್ಣ ಕರೆಂಟಿನ ಕಾರು ಕೊಂಡ. ಪಲ್ಲಣ್ಣ ಬೆಳಗಾವಿಯವನು, ಬ್ಯಾಂಕಿನಿಂದ ನಿವೃತ್ತನಾದ ಒಂಟಿ ಮನುಷ್ಯ. ಎಂಥ ಜಾಗರೂಕನೆಂದರೆ ಸ್ನಾನಕ್ಕೆ ಹೋಗುವಾಗಲೂ ಛತ್ರಿ ಹಿಡಿದಾನು. ಅಂಥವನು ಇಂಥ ವಸ್ತುವಿಗೆ ಹೇಗೆ ಬಿದ್ದನೋ. ಆ ಕಾಲಕ್ಕೆ ಊರಲ್ಲಿ ಅಂಥ ಗಾಡಿ ಬೆರಳೆಣಿಕೆಯಷ್ಟು. ಎರಡೇ ಬಾಗಿಲು, ಹಿಂದೆ ಮಕ್ಕಳಿಗೆಂದು ಇಟ್ಟ ಸಣ್ಣ ಸೀಟು. ಯಾವುದೋ ದೊಡ್ಡ ಕಾರಿಗೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನಂತೆ ಪಾರ್ಕಿಂಗಿನ ಮೂಲೆಯಲ್ಲಿ ನಿಂತಿತ್ತು.

"ಪಲ್ಲಣ್ಣ, ಇದರ ಜೋಡಿ ತಲಿಗೆ ಕಟ್ಟೋ ಕುಂಚಿಗಿ ಕೊಟ್ಟಾರೋ ಇಲ್ಲೋ? ಥಂಡಿ ಹತ್ತೀತು" ಎಂದೆ.

"ನಗ್ರಿ ದೇಸಾಯರ, ನಗ್ರಿ. ಹೊಗಿ ಇಲ್ಲ, ಸಪ್ಪಳ ಇಲ್ಲ, ಗೇರ್ ಇಲ್ಲ."

"ಗಾಡಿನೂ ಇಲ್ಲ ಅಂದಬಿಡು, ಮುಗದ ಹೋತು."

ಗಾಡಿ ಬಂದಮೇಲೆ ಅದಕ್ಕೆ ಉಣಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಪಾರ್ಕಿಂಗಿನಲ್ಲಿ ಪ್ಲಗ್ಗು ಕೊಡಿರೆಂದು ಪಲ್ಲಣ್ಣ ಅರ್ಜಿ ಹಿಡಿದು ಹೋದರೆ ಸೊಸೈಟಿಯ ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿ, "ಆಜ್ ಗಾಡೀ, ಉದ್ಯಾ ಪಿಠಾಚೀ ಗಿರಣ್" ಎಂದು ಬಿಟ್ಟರು. ಇವತ್ತು ಗಾಡಿ ಅನ್ನುತ್ತೀರಿ, ನಾಳೆ ಹಿಟ್ಟಿನ ಗಿರಣಿ ಇಡುತ್ತೀರಿ ಎಂದು ಅರ್ಥ. ಕೊನೆಗೆ ಪಲ್ಲಣ್ಣ ತನ್ನ ಬಾಲ್ಕನಿಯಿಂದಲೇ ಉದ್ದದ ವೈರು ಇಳಿಬಿಡತೊಡಗಿದ, ಬಾವಿಗೆ ಕೊಡ ಬಿಟ್ಟ ಹಾಗೆ. ಮೇಲೆ ವೈರು ಬಿಡುವವನೂ ಅವನೇ, ಕೆಳಗೆ ಓಡಿಬಂದು ಹಿಡಿಯುವವನೂ ಅವನೇ. ಅಷ್ಟರಲ್ಲಿ ವೈರು ಗಾಳಿಗೆ ತೂಗಿ ಮೊದಲ ಮಹಡಿಯವರ ಹಪ್ಪಳದ ಮೇಲೆ ಕೂತಿರುತ್ತಿತ್ತು. ನಾನು ಮೇಲಿನಿಂದ ಕೂತು ನೋಡುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಟೀವಿಗೆ ಪೂರ್ತಿ ವಿಶ್ರಾಂತಿ.

ಆದರೆ ಅಸಲು ತಮಾಷೆ ಬೇರೆ ಇದೆ. ಪಲ್ಲಣ್ಣ ಗಾಡಿ ಕೊಂಡದ್ದೇ ಗುರುವಾರ ಗುರುವಾರ ರಾಯರ ಮಠಕ್ಕೆ ಹೋಗಲೆಂದು. ಪುಣೆಯಲ್ಲಿ ಕರೆಂಟು ತೆಗೆಯುವ ವಾರ ಯಾವುದು? ಗುರುವಾರ. ದುರಸ್ತಿಯ ನೆಪದಲ್ಲಿ ಬೆಳಿಗ್ಗೆ ಹೋದದ್ದು ಸಂಜೆಯವರೆಗೆ ಪತ್ತೆ ಇಲ್ಲ. ಹುಟ್ಟಿದ ಕೂಸಿಗೂ ಗೊತ್ತಿರುವ ಈ ಸಂಗತಿ ಬ್ಯಾಂಕಿನಲ್ಲಿ ಜೀವ ತೇದವನಿಗೆ ಹೊಳೆದಿರಲಿಲ್ಲ. ನಾನು ನೆನಪಿಸಿದಾಗ ಅವನ ಮುಖ ನೋಡಬೇಕಿತ್ತು. "ಬುಧವಾರ ಸಂಜೀಕೇ ಹಚ್ಚಿಡ್ತೀನಿ ಬಿಡ್ರಿ" ಎಂದ. ಏಕಾದಶಿಯ ಹಿಂದಿನ ದಿನವೇ ಹೊಟ್ಟೆ ಬಿರಿಯ ಉಂಡಿಟ್ಟುಕೊಳ್ಳುವ ಹಾಗೆ. ಸಾಮಾನ್ಯ ಮನುಷ್ಯನಿಗೆ ಬೇಕಾದ ವಾಹನವೇ ಇದು, ಹೇಳಿ. ಪಂಚಾಂಗ ನೋಡಿ ಹೊರಡಬೇಕಾದ ಗಾಡಿ ನಮ್ಮ ಅಜ್ಜನ ಹತ್ತಿರವೇ ಇತ್ತಲ್ಲ, ಅದಕ್ಕೆ ಎರಡು ಎತ್ತುಗಳಿದ್ದವು, ವೈರು ಬೇಕಿರಲಿಲ್ಲ.

ಇಷ್ಟು ಕಾಲ ಗುರುವಾರದ ಸಾರಥ್ಯ ನನ್ನದು. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಪಕ್ಕಕ್ಕೆ ಪಲ್ಲಣ್ಣ, ಹಿಂದೆ ನನ್ನ ಹೆಂಡತಿ ಸುಧಾ ಮತ್ತು ಆಕೆಯ ಹಾರ್ಮೋನಿಯಂ. ಹೋಗುವವರೆಗೆ, ಬರುವವರೆಗೆ ನನ್ನ ಚಟಾಕಿಗಳು. ಓಡುವ ಗಾಡಿಯಿಂದ ಯಾರೂ ಎದ್ದು ಹೋಗುವಂತಿಲ್ಲವಲ್ಲ, ಅಂಥ ಸಭಿಕರು ಬೇರೆಲ್ಲಿ ಸಿಗುತ್ತಾರೆ? ದಾರಿಯಲ್ಲಿ ಒಂದು ಪಂಪಿನಲ್ಲಿ ಅಂದಂದಿಗೆ ಬೇಕಾದಷ್ಟೇ ಪೆಟ್ರೋಲು ಹಾಕಿಸುವುದು ನನ್ನ ಪದ್ಧತಿ. ಟಾಕಿ ತುಂಬಿಸಿದರೆ ಆ ಭಾರ ಹೊರುವುದಕ್ಕೇ ಅರ್ಧ ಪೆಟ್ರೋಲು ಸುಡುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಇದರಿಂದ ಮಠಕ್ಕೆ ಕೊಂಚ ತಡವಾಗುತ್ತಿತ್ತು, ನಿಜ. ರಾಯರೇನು ಓಡಿಹೋಗುತ್ತಾರೆಯೇ?

ಆ ವಾರ ಸುಧಾ ಚಹಾದ ಕಪ್ಪು ಮುಂದಿಟ್ಟು ಹೇಳಿದಳು: "ಈ ಗುರುವಾರ ಮಠದಾಗ ನಮ್ಮ ಭಜನಿ ಮಂಡಳಿ ಪಾಳಿ ಅದ. ಮೊದಲನೇ ಸರ್ತೆ ಕರದಾರ, ಹಾರ್ಮೋನಿಯಂ ಪೇಟಿ ನಂದ. ಪಲ್ಲಣ್ಣ ತಮ್ಮ ಗಾಡ್ಯಾಗ ಬರ್ರಿ ವೈನಿ ಅಂದ್ರು. ಇಲ್ಲ, ಇವರ ಜೋಡಿನ ಬರ್ತೀನಿ ಅಂದೀನಿ. ನಿಮ್ಮಿಂದ ತಡ ಆತಂದ್ರ ನೋಡ್ರಿ, ಇನ್ನ ಮುಂದ ಎಲ್ಲಾ ಗುರುವಾರ ಅವರ ಗಾಡೀನ."

"ಆ ಆಟಗೀ ಸಾಮಾನಿನ್ಯಾಗ? ನಾ ಸತ್ತರೂ ಅದರಾಗ ಕೂಡೂದಿಲ್ಲ" ಎಂದೆ.

"ನಿಮ್ಮನ್ನ ಯಾರು ಕರದಾರ?" ಎಂದಳು.

ನನ್ನ ಸಿಂಹಾಸನಕ್ಕೇ ಕೈ ಹಾಕಿದ ಮೇಲೆ ಸುಮ್ಮನಿರುವುದು ಹೇಗೆ? ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಚಿಟ್ಟೆಯ ರೆಕ್ಕೆಯಂಥ ಎರಡು ಕಿವಿಗಳಿರುವ ದೊಡ್ಡ ಕೀಲಿ ಮಾಡಿದೆ. ಜಾತ್ರೆಯ ಬೊಂಬೆಯ ಬೆನ್ನಿಗೆ ತಿರುಗಿಸಲು ಇರುತ್ತದಲ್ಲ, ಅಂಥದ್ದು. ಬೆಳ್ಳಿಯ ಬಣ್ಣವನ್ನೂ ಬಳಿದೆ. ಬುಧವಾರ ಸಂಜೆ ಅದಕ್ಕೆ ಅಯಸ್ಕಾಂತ ಕಟ್ಟಿ ಪಲ್ಲಣ್ಣನ ಗಾಡಿಯ ಹಿಂದೆ ಅಂಟಿಸಲು ಹೋದರೆ ಹಿಡಿಯಲೊಲ್ಲದು. ಗಾಡಿಯ ಮೈಯೆಲ್ಲ ಪ್ಲಾಸ್ಟಿಕ್ಕು. ಕೊನೆಗೆ ಗಟ್ಟಿ ಟೇಪು ಹಚ್ಚಿ ಕೂರಿಸಿದೆ. ನಾನೇ ಹೇಳುತ್ತಿದ್ದೇನೆಂದಲ್ಲ, ಕಾರ್ಖಾನೆಯಿಂದಲೇ ಹಾಗೆ ಬಂದಿದೆಯೇನೋ ಅನಿಸುತ್ತಿತ್ತು.

ಗುರುವಾರ ಮಧ್ಯಾಹ್ನ ಎರಡೂ ಗಾಡಿಗಳು ಒಟ್ಟಿಗೆ ಹೊರಟವು. ಪಲ್ಲಣ್ಣ ಹಿಂದೆ ತಿರುಗಿ ನೋಡಲೂ ಇಲ್ಲ. ಕೀಲಿ ಹೊತ್ತ ಕೂಸು ಸಪ್ಪಳವಿಲ್ಲದೆ ತೆವಳುವುದನ್ನು ಕಣ್ತುಂಬ ನೋಡಿ, ಹಾರ್ನು ಒತ್ತಿ ಅದನ್ನು ಹಿಂದೆ ಹಾಕಿ ಪಂಪಿಗೆ ಬಂದೆ. ನನ್ನ ಲೆಕ್ಕ ಎಷ್ಟು ಕರಾರುವಾಕ್ಕೆಂದರೆ ಪಂಪಿನ ಒಳಗೆ ಹೊಕ್ಕ ಮೇಲೆಯೇ ಇಂಜಿನ್ನು ಕೆಮ್ಮಿ ಆರಿತು. ಪೆಟ್ರೋಲು ಹಾಕುವವನು ಕುರ್ಚಿಯಿಂದ ಏಳದೆ ಕೈ ಆಡಿಸಿದ.

"ಲಾಯಿಟ್ ನಾಹೀ ಕಾಕಾ. ಜನರೇಟರ್ ಬಿಘಡಲಾಯ್."

ಲೈಟಿಲ್ಲ, ಜನರೇಟರ್ ಕೆಟ್ಟಿದೆ. ನೆಲದಡಿಯಲ್ಲಿ ಸಮುದ್ರದಷ್ಟು ಪೆಟ್ರೋಲು ಇದೆ, ಮೇಲೆತ್ತಲು ಕರೆಂಟು ಬೇಕು. ಇಷ್ಟು ವರ್ಷ ನಾನು ಓಡಿಸಿದ್ದೂ ಒಂದು ಲೆಕ್ಕದಲ್ಲಿ ಕರೆಂಟಿನ ಗಾಡಿಯೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಓಡಿಹೋಗಿ ಒಂದಾದ ಮೇಲೊಂದು ರಿಕ್ಷಾ ನಿಲ್ಲಿಸಿದೆ. ಪುಣೆಯ ರಿಕ್ಷಾದವರ ಸ್ವಭಾವ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮಠದ ಹೆಸರೆತ್ತಿದ ಕೂಡಲೇ ತಲೆ ಅಡ್ಡಡ್ಡ ಅಲ್ಲಾಡಿಸಿ ಹೊರಟುಹೋದರು. ಸುಧಾ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು.

ಅಷ್ಟರಲ್ಲಿ ಆ ಆಟಿಕೆ ಬಂದು ಸದ್ದಿಲ್ಲದೆ ಪಕ್ಕಕ್ಕೆ ನಿಂತಿತು.

"ಬರ್ರಿ ವೈನಿ, ಮುಂದ ಕೂಡ್ರಿ. ಪೇಟಿ ಹಿಂದ ಇಡೂಣು" ಎಂದ ಪಲ್ಲಣ್ಣ. ಆಮೇಲೆ ನನ್ನ ಕಡೆ ತಿರುಗಿ ಬಹಳ ವಿನಯದಿಂದ, "ದೇಸಾಯರ, ನೀವು ಸತ್ತರೂ ಕೂಡೂದಿಲ್ಲಂತ, ಹೌದ್ರಿ?"

ನಾನು ಸಾಯಲಿಲ್ಲ, ಕೂತೆ. ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿತ್ತು, ತೊಡೆಯ ಮೇಲೆ ಹಾರ್ಮೋನಿಯಂ. ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಬಗ್ಗಿ ಒಳಗೆ ನೋಡಿ, "ಕಾಯ್ ಕಾಕಾ, ಚಾವೀ ಸಂಪಲೀ ಕಾ?" ಎಂದು, ಕೀಲಿ ಮುಗಿಯಿತೇ ಎಂದು ಕೇಳಿದ. ಎಂದೂ ಯಾರ ಮಾತನ್ನೂ ಬಾಕಿ ಇಡದ ನಾನು ಹಾರ್ಮೋನಿಯಂ ಹಿಂದೆ ಮುಖ ಮುಚ್ಚಿಕೊಂಡೆ.

ಮಠ ಮುಟ್ಟಿದಾಗ ಭಜನೆಗೆ ಇನ್ನೂ ಹೊತ್ತಿತ್ತು. ಜನ ಗಾಡಿಯ ಸುತ್ತ ಸೇರಿದರು. ಮಠದ ಆಚಾರ್ಯರು ಹಿಂದೆ ಹೋಗಿ ಕೀಲಿ ಮುಟ್ಟಿ ನೋಡಿ, "ಭಾಳ ಛಂದ ಅದ. ಇದನ್ನ ಕಂಪನಿಯವರ ಕೊಟ್ಟಾರೇನ್ರೀ?" ಎಂದರು.

"ಹೌದ್ರಿ ಆಚಾರ್ರ, ಕಂಪನಿಯವರ ಕೊಟ್ಟಾರ" ಎಂದ ಪಲ್ಲಣ್ಣ.

ಅವಮಾನ ಎಷ್ಟು ಬೇಕಾದರೂ ನುಂಗಿಯೇನು, ನನ್ನ ಕೈಕೆಲಸದ ಕೀರ್ತಿ ಯಾವುದೋ ಕಂಪನಿಯ ಪಾಲಾಗುವುದನ್ನು ನುಂಗಲಾರೆ. "ಯಾವ ಕಂಪನಿ? ನಾ ಮಾಡಿದ್ದು ಅದು" ಎಂದು ಒಳಗಿನಿಂದ ಕೂಗಿದೆ. ಸೇರಿದವರೆಲ್ಲ ಬಗ್ಗಿ ಒಳಗೆ ನೋಡಿದರು. ಹಿಂದಿನ ಸೀಟಿನಲ್ಲಿ ಮಡಚಿಟ್ಟ ಛತ್ರಿಯ ಹಾಗೆ ನಾನು.

"ನಾ ಹೇಳಿದ್ದಿಲ್ಲೇನ್ರೀ ಪಲ್ಲಣ್ಣ," ಎಂದಳು ಸುಧಾ, ಕೆಳಗಿಳಿದು ಸೆರಗು ಸರಿಮಾಡಿಕೊಳ್ಳುತ್ತ, "ಕೀಲಿ ಅಲ್ಲೇ ಇರ್ಲಿ, ಕೊಟ್ಟವರು ತಾವ ಬಾಯಿ ಬಿಡ್ತಾರ ಅಂತ?"

ಇವತ್ತಿಗೂ ಯಾರಾದರೂ ಕರೆಂಟಿನ ಗಾಡಿ ಕೊಳ್ಳಲೇ ಎಂದು ನನ್ನನ್ನು ಕೇಳಿದರೆ ನನ್ನ ತೀರ್ಪು ಬದಲಾಗಿಲ್ಲ. ಸಾಮಾನ್ಯ ಮನುಷ್ಯನಿಗೆ ಅದು ಸುತರಾಂ ಆಗಿಬರುವುದಿಲ್ಲ. ವಾರಗಳ ನೆನಪಿರಬೇಕು, ಬಾಲ್ಕನಿ ಇರಬೇಕು, ಹಪ್ಪಳದವರ ಜೊತೆ ಸ್ನೇಹ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬುಧವಾರ ಸಂಜೆ ಮೇಲಿನಿಂದ ಇಳಿಬಿಟ್ಟ ವೈರನ್ನು ಗಾಳಿಗೆ ತೂಗದಂತೆ ಕೆಳಗೆ ನಿಂತು ಹಿಡಿಯಲು ಕೆಲಸವಿಲ್ಲದ ಮುದುಕನೊಬ್ಬ ಬೇಕು. ಪಲ್ಲಣ್ಣ ಪುಣ್ಯವಂತ. ನನ್ನಷ್ಟು ಚೆನ್ನಾಗಿ ವೈರು ಹಿಡಿಯುವವರು ಇಡೀ ವಾಕಡದಲ್ಲಿಲ್ಲ.