ಕೃಷ್ಣವ್ವನ ಅಡುಗೆಮನೆಯಲ್ಲಿ ನೀಲಿ ಗೆರೆ

ರಾಮದುರ್ಗ ತಾಲ್ಲೂಕಿನ ಜನರಿಗೆ ಓಡಲು ಬರುವುದಿಲ್ಲ ಎಂಬ ಸಂಗತಿ ಕಳೆದ ಚಳಿಗಾಲದಲ್ಲಿ ಅಧಿಕೃತವಾಗಿ ಬೆಳಕಿಗೆ ಬಂದಿತು. ಅಲ್ಲಿಯವರೆಗೆ ಅವರು ಬಸ್ಸಿನ ಹಿಂದೆ, ಎಮ್ಮೆಯ ಹಿಂದೆ, ಸಹಿ ಹಾಕಬೇಕಾದ ಸಾಹೇಬರ ಹಿಂದೆ ಓಡುತ್ತಿದ್ದುದನ್ನು ಓಟವೆಂದು ಪರಿಗಣಿಸಲು ಅವಕಾಶವಿರಲಿಲ್ಲ. ಈ ಕೊರತೆ ನೀಗಿಸಲು 'ಗುಡ್ಡದ ಓಟ ಉತ್ತೇಜನ ಸಮಿತಿ' ರಚನೆಯಾಗಿ, ನಿವೃತ್ತ ಅಧಿಕಾರಿ ತ್ರ್ಯಂಬಕರಾಯರು ಅಧ್ಯಕ್ಷರಾದರು.

ರಾಯರು ಗುಡ್ಡ ಹತ್ತಿದವರಲ್ಲ. ಫ್ಯಾನಿನ ಕೆಳಗೆ ಕುಳಿತು ಫೋನಿನ ನಕಾಶೆಯ ಮೇಲೆ ಬೆರಳಿನಿಂದ ಓಟದ ನೀಲಿ ಗೆರೆಯನ್ನು ಎಳೆದರು. ನಡುವೆ ಸೀನು ಬಂದು, ಗೆರೆ ಸಾಲಹಳ್ಳಿಯ ಹತ್ತಿರ ಸ್ವಲ್ಪ ಹೊರಳಿತು. ಎಳೆದ ಗೆರೆಯನ್ನು ಅಳಿಸುವ ಅಧಿಕಾರ ಸಮಿತಿಗೆ ಇಲ್ಲವಾದ್ದರಿಂದ ಸೀನೂ ಸೇರಿಯೇ ಮಂಜೂರಾಯಿತು. ಪ್ರಕಟಣೆ ಹೀಗಿತ್ತು:

"ಓಟಗಾರರು ಫೋನು ತೋರಿಸುವ ಗೆರೆಯ ಮೇಲೆಯೇ ಇರತಕ್ಕದ್ದು. ಗೆರೆ ಬಿಟ್ಟವರು ಓಡಿಯೇ ಇಲ್ಲವೆಂದು ಭಾವಿಸಲಾಗುವುದು. ನೆಲಕ್ಕೂ ಫೋನಿಗೂ ಭಿನ್ನಾಭಿಪ್ರಾಯ ಬಂದಲ್ಲಿ ಫೋನಿನ ತೀರ್ಮಾನವೇ ಅಂತಿಮ."

ಓಟದ ದಿನ ಎಲ್ಲರಿಗಿಂತ ಮುಂದಿದ್ದವಳು ಸಂಘಮಿತ್ರಾ, ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಗೆದ್ದವರನ್ನು ರಾಜ್ಯಮಟ್ಟದ ಓಟಕ್ಕೆ ಕಳಿಸುವುದೆಂದು ಗೊತ್ತಾದಾಗಿನಿಂದ ಅವಳು ದಿನಾ ಸಾಲೆಗೆ ಮೊದಲು ಗುಡ್ಡ ಹತ್ತಿಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು. ಸಾಲಹಳ್ಳಿಯ ಅಂಚಿಗೆ ಬಂದಾಗ ನೀಲಿ ಗೆರೆ ಒಂದು ಮನೆಯ ಬಾಗಿಲೊಳಗೆ ಹೊಕ್ಕಿತು. ಒಳಗೆ ಕೃಷ್ಣವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಒಳಗ ಬರಲೇನ್ರಿ? ಫೋನು ನಿಮ್ಮ ಒಲಿ ಕಡೆ ಹೋಗು ಅನ್ನಾಕ್ಹತ್ತೇತಿ."

"ಬಾ ನನ್ನವ್ವ. ನೀರ ಕುಡದು, ಹಿಂಗ ಮನಿ ಸುತ್ತಿ ಹೋಗು. ಗುಡ್ಡ ಇಳಿಯೋ ಹಾದಿ ಹಿತ್ತಲದಾಗ ಐತಿ."

"ಸುತ್ತಿ ಹೋದ್ರ ಓಡೇ ಇಲ್ಲ ಅಂತಾರ್ರಿ."

ಒಲೆಯ ಹಿಂದೆ ಗೋಡೆ. ಗೋಡೆಗೆ ಬಾಗಿಲಿಲ್ಲ. 'ನೇರವಾಗಿ ಮುಂದುವರಿಯಿರಿ' ಎಂದು ಫೋನು ಹೇಳುತ್ತಲೇ ಇತ್ತು. ಸಂಘಮಿತ್ರಾ ಗೋಡೆಗೆ ಹಣೆ ಹಚ್ಚಿ ನಿಂತಳು. ಸ್ವಲ್ಪ ಹೊತ್ತಿಗೆ ಉಳಿದ ಓಟಗಾರರೂ ಬಂದು ಅವಳ ಹಿಂದೆ ಪಾಳಿ ಹಚ್ಚಿ ಸಾಲಾಗಿ ನಿಂತರು. ಗೆರೆ ಬಿಡಲು ಯಾರೂ ಒಪ್ಪಲಿಲ್ಲ. ಕೃಷ್ಣವ್ವ ಮನೆಗೆ ಬಂದವರು ಸುಮ್ಮನೆ ನಿಲ್ಲಬಾರದೆಂದು ಎಲ್ಲರ ಕೈಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು.

ಓಟ ನಿಂತ ಸುದ್ದಿ ತಿಳಿದು ತ್ರ್ಯಂಬಕರಾಯರು ಕಾರಿನಲ್ಲಿ ಧಾವಿಸಿದರು. ಬೂಟು ಬಿಚ್ಚಿ ಒಳಗೆ ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಏನ್ರಿ ಬಾಯಿ, ಹಾದ್ಯಾಗ ಮನಿ ಕಟ್ಟೀರಲ್ಲ?"

"ನಮ್ಮ ಮಾವ ಕಟ್ಟಿದ್ದರಿ ಸಾಹೇಬ್ರ. ಆಗ ಈ ಗೆರಿ ಇರಲಿಲ್ಲರಿ."

"ಮುಂದ ಗೆರಿ ಬರ್ತದಂತ ವಿಚಾರ ಮಾಡಬೇಕಿತ್ತು. ಇದು ಅತಿಕ್ರಮಣ ಅದ. ಗೋಡಿ ಇವತ್ತೇ ತೆಗಸಬೇಕಾಗ್ತದ."

ಹಿಟ್ಟಿನ ಮೇಲಿದ್ದ ಕೃಷ್ಣವ್ವನ ಕೈ ನಿಂತುಬಿಟ್ಟಿತು. ಹೊರಗೆ ಯಾರೋ ಹಾರೆ ತರಲು ಹೋದರು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅದನ್ನು ತಿರುವಿ ಹಾಕಲೂ ಅವಳಿಗೆ ನೆನಪಾಗಲಿಲ್ಲ.

ಸಂಘಮಿತ್ರಾ ಅವಳ ಮುಖ ನೋಡಿದಳು. ಗೋಡೆ ಬಿದ್ದರೆ ಮೊದಲು ಹೊರಬೀಳುವವಳು ತಾನೇ. ಮುಂದೆ ಬರೀ ಇಳಿಜಾರು. ಹಾರೆ ಒಳಗೆ ಬಂದಾಗ ಅವಳು ಬಾಯಿ ತೆರೆದಳು.

"ಸರ್, ಓಟ ಮುಗದೈತ್ರಿ. ಗೆದ್ದವರು ಕೃಷ್ಣವ್ವ."

"ಅವರು ಓಡೇ ಇಲ್ಲಲ್ಲ!"

"ನಿಯಮದಾಗ ಓಡಬೇಕು ಅಂತ ಎಲ್ಲೈತ್ರಿ? ಗೆರಿ ಮ್ಯಾಲ ಇರಬೇಕು ಅಂತ ಐತಿ. ಇವರು ಮುಂಜಾನಿಂದ ಗೆರಿ ಬಿಟ್ಟು ಕದಲಿಲ್ಲ. ನಾವೆಲ್ಲ ಆಮ್ಯಾಲ ಬಂದವರು."

ರಾಯರು ಪ್ರಕಟಣೆಯನ್ನು ಮತ್ತೆ ಓದಿದರು. ಅದು ಹಾಗೆಯೇ ಇತ್ತು. ಸಂಘಮಿತ್ರಾ ತನ್ನ ಎದೆಯ ಮೇಲಿನ ನಂಬರ್ ಪಟ್ಟಿಯನ್ನು ಬಿಚ್ಚಿ ಕೃಷ್ಣವ್ವನ ಸೆರಗಿಗೆ ಪಿನ್ನು ಹಚ್ಚಿದಳು. ಪಿನ್ನು ಒಮ್ಮೆ ಚುಚ್ಚಿತು.

"ಗೆದ್ದವರ ಗೋಡಿ ಒಡದ್ರ ಪೇಪರಿನವರು ಏನ್ ಬರದಾರ್ರಿ ಸರ್?"

ಹಾರೆಯನ್ನು ಗೌರವದಿಂದ ಹಿಂದಕ್ಕೆ ಕಳಿಸಲಾಯಿತು. ಕೃಷ್ಣವ್ವನ ಕೊರಳಿಗೆ ಪದಕ ಬಿತ್ತು. ಸಂಘಮಿತ್ರಾ ಮನೆ ಸುತ್ತಿ ಗುಡ್ಡ ಇಳಿದು, ಓಟ ಮುಗಿಸಿದ ಏಕೈಕ ವ್ಯಕ್ತಿಯಾಗಿ, ಓಡಿಯೇ ಇಲ್ಲವೆಂದು ಘೋಷಿಸಲ್ಪಟ್ಟಳು.

ರಾಜ್ಯಮಟ್ಟದ ಕರೆ ಬಂದಾಗ ಕೃಷ್ಣವ್ವ, "ಒಲಿ ಬಿಟ್ಟು ಎಲ್ಲಿ ಬರಲರಿ?" ಎಂದಳು. ಸ್ಥಳ ಬಿಡದಿರುವ ಈ ನಿಷ್ಠೆ ಮೇಲಿನವರಿಗೆ ಬಹಳ ಮೆಚ್ಚುಗೆಯಾಗಿ, ಅವಳನ್ನು ಗೈರುಹಾಜರಿಯಲ್ಲಿಯೇ ವಿಜಯಿ ಎಂದು ಸಾರಲಾಯಿತು. ಈ ವರ್ಷ ಗೆರೆ ತಮ್ಮ ಮನೆಯ ಮೇಲೆ ಹಾಯಲೆಂದು ಸವದತ್ತಿ, ಬೈಲಹೊಂಗಲದವರೂ ಅರ್ಜಿ ಹಾಕಿದ್ದಾರೆ. ರಾಯರ ಗೆರೆ ಈಗಾಗಲೇ ಅವರ ಆರಾಮಕುರ್ಚಿಯ ಕೆಳಗೆ ಹಾಯ್ದಿದ್ದು, ಅವರು ಊಟವಾದ ಮೇಲೆ ತಪ್ಪದೆ ಅಭ್ಯಾಸ ನಡೆಸಿದ್ದಾರೆ. ಸಾಲೆಗಳಲ್ಲಿ ಮಕ್ಕಳಿಗೆ ಕದಲದೆ ಕೂಡುವ ತರಬೇತಿ ಕೊಡಲಾಗುತ್ತಿದೆ, ಪಿ.ಟಿ. ಟೀಚರ್ ಸಂಘಮಿತ್ರಾಳೇ ಕೊಡುತ್ತಾಳೆ.

ಮುಂಜಾನೆ ಮಾತ್ರ ಅವಳು ಫೋನು ಮನೆಯಲ್ಲಿಟ್ಟು ಗುಡ್ಡದ ಮೇಲೆ ಓಡುತ್ತಾಳೆ. ಹೊಲಕ್ಕೆ ಹೊರಟವರು, "ಪಾಪ, ಟೀಚರಿಗೆ ಏನಾತೋ" ಎಂದು ಬದಿಗೆ ಸರಿದು ದಾರಿ ಬಿಡುತ್ತಾರೆ. ಹಿತ್ತಲಲ್ಲಿ ನಿಂತ ಕೃಷ್ಣವ್ವ ಕೈಬೀಸಿ ಕರೆಯುತ್ತಾಳೆ:

"ಯಾಕ ಓಡ್ತೀ ನನ್ನವ್ವ? ಬಾ, ಒಳಗ ಗೆರಿ ಮ್ಯಾಲ ಜಾಗಾ ಐತಿ."