ಭಾವಚಿತ್ರಕ್ಕೆ ಬೇಕಾದ ಭಾವ

ಲೋಕದ ಗಂಡಂದಿರಿಗೆ ಎಂತೆಂಥ ಚಟಗಳಿವೆ! ಅವರ ಹೆಂಡತಿಯರು ತುಟಿಪಿಟಿಕ್ಕೆನ್ನದೆ ಸಹಿಸಿಕೊಳ್ಳುತ್ತಾರೆ. ನನ್ನದೋ ಪರಮ ಸಾತ್ವಿಕ ಚಟ. ಹಳೆಯ ಕಾಲದ ದೊಡ್ಡ ಕ್ಯಾಮೆರಾಗಳನ್ನು ಕೂಡಿಹಾಕುತ್ತೇನೆ, ಅಷ್ಟೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮರದ ಪೆಟ್ಟಿಗೆ, ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಚರ್ಮದ ಮಡಿಕೆ, ತುದಿಯಲ್ಲಿ ಹಿತ್ತಾಳೆಯ ಲೆನ್ಸು, ಹಿಂದೆ ತಲೆ ತೂರಿಸಲು ಕಪ್ಪು ಬಟ್ಟೆ. ಇಂಥವು ನಮ್ಮ ಹಿಂದಿನ ಕೋಣೆಯಲ್ಲಿ ಬಸ್ಸಿಗೆ ಕಾದವರಂತೆ ಒತ್ತೊತ್ತಾಗಿ ನಿಂತಿವೆ. (ಕಾಲುಗಳನ್ನು ಲೆಕ್ಕ ಹಾಕಿದರೆ ಈ ಮನೆ ಅವುಗಳದೇ.)

“ಇದು ಸಂಗ್ರಹ ಕಣೇ” ಎಂದರೆ, “ಸಂಗ್ರಹ ಅಲ್ಲ, ಗ್ರಹಚಾರ” ಎನ್ನುತ್ತಾಳೆ ನನ್ನವಳು. ನನ್ನ ವಿಷಯದಲ್ಲಿ ಅವಳದೆಲ್ಲ ನೆಗೆಟಿವ್. ತೊಳೆದು ಪಾಸಿಟಿವ್ ಮಾಡುವ ರಾಸಾಯನಿಕ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಮೊನ್ನೆ ಬಾಂಬು ಹಾಕಿದಳು. “ಅಮ್ಮ ಬರ್ತಿದ್ದಾಳೆ. ಆ ಕೋಣೆ ಖಾಲಿ ಮಾಡಿ.”

“ಇವೆಲ್ಲ ಎಲ್ಲಿಗೆ ಹೋಗ್ಬೇಕು?”

“ಅಟ್ಟಕ್ಕೆ.”

“ಅಟ್ಟಕ್ಕಾ? ಇವು ಕಲೆಯ ಸಾಧನಗಳು!”

“ಹೌದಾ? ಒಂದಾದ್ರೂ ಫೋಟೋ ತೆಗೆದಿದ್ದೀರಾ ಇವುಗಳಲ್ಲಿ?”

ನಾನು ಹತ್ತಿರದ ಲೆನ್ಸೊಂದನ್ನು ಒರೆಸತೊಡಗಿದೆ. (ನಿಜವಾದ ಸಂಗ್ರಾಹಕ ಫೋಟೋ ತೆಗೆಯುವುದಿಲ್ಲ, ಧೂಳು ತೆಗೆಯುತ್ತಾನೆ.)

“ಅಮ್ಮನದು ಒಂದು ಫೋಟೋ ತೆಗೀರಿ. ಚೆನ್ನಾಗಿ ಬಂದ್ರೆ ಇವು ಇಲ್ಲೇ ಇರ್ಲಿ, ಅಮ್ಮ ಹಾಲಲ್ಲಿ ಮಲಗ್ತಾಳೆ. ಬರ್ಲಿಲ್ವೋ, ಎಲ್ಲಾ ಅಟ್ಟಕ್ಕೆ.”

ನಮ್ಮ ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಈ ಕ್ಯಾಮೆರಾಕ್ಕೋ ಕೂತವರು ಕಲ್ಲಿನಂತೆ ಕೂರಬೇಕು. ಅತ್ತೆಯವರ ಬಾಯಿ ನಿಂತ ಗಳಿಗೆಯನ್ನು ಅವರನ್ನು ಕಟ್ಟಿಕೊಂಡ ಮಾವನವರೇ ಕಂಡಿಲ್ಲ. ಆದರೆ ನನ್ನ ಭಂಡಾರದಲ್ಲಿ ಅದಕ್ಕೂ ಒಂದು ಅಸ್ತ್ರವಿತ್ತು. ಹಿಂದಿನ ಸ್ಟುಡಿಯೋಗಳಲ್ಲಿ ತಲೆ ಅಲ್ಲಾಡದ ಹಾಗೆ ಬೆನ್ನ ಹಿಂದಿನಿಂದ ಕತ್ತು ಹಿಡಿಯುತ್ತಿದ್ದ ಕಬ್ಬಿಣದ ಕವೆ!

ಬಂದಿಳಿದ ಅತ್ತೆಯನ್ನು ಕಿಟಕಿಯ ಬಳಿ ಕೂರಿಸಿ, ಕತ್ತಿಗೆ ಕವೆ ಕೊಟ್ಟು, “ಉಸಿರು ಮಾತ್ರ ಆಡಬಹುದು ಅತ್ತೆ. ತುಟಿ ಅಲ್ಲಾಡಿದ್ರೂ ಕೆಟ್ಟುಹೋಗತ್ತೆ” ಎಂದೆ. ಜನ್ಮದಲ್ಲಿ ಮೊದಲ ಬಾರಿ ಅವರಿಗೆ ಅಪ್ಪಣೆ ಕೊಟ್ಟ ಪುಳಕದಲ್ಲಿ ಕಪ್ಪು ಬಟ್ಟೆಯೊಳಗೆ ನುಗ್ಗಿದೆ.

ಒಳಗೆ ಮಸುಕು ಗಾಜಿನ ಮೇಲೆ ಬಿಂಬ ತಲೆಕೆಳಗಾಗಿ ಬೀಳುತ್ತದೆ. ಅತ್ತೆ ಮೌನವಾಗಿ, ತಲೆಕೆಳಗಾಗಿ ತೂಗುತ್ತಿದ್ದರು. ಆ ಕತ್ತಲಲ್ಲಿ, ಆ ಏಕಾಂತದಲ್ಲಿ ನನ್ನ ಬಾಯಿಗೆ ಸ್ವಾತಂತ್ರ್ಯ ಬಂದುಬಿಟ್ಟಿತು.

“ಆಹಾ, ಸಾಕ್ಷಾತ್ ಬಾವಲಿ! ಬಾವಲಿಯಾದರೂ ಹಗಲು ಹೊತ್ತು ಸುಮ್ಮನಿರುತ್ತೆ” ಎಂದೆ.

ಗಾಜಿನಲ್ಲಿ ಅತ್ತೆಯ ಕಣ್ಣು ಧಗ್ಗೆಂದಿತು. ಲೆನ್ಸು ಎಷ್ಟು ಚುರುಕು ಎಂದು ಹಿಗ್ಗುತ್ತ ಹೊರಬಂದು, ಲೆನ್ಸಿಗೆ ಮುಚ್ಚಳ ಹಾಕಿ ಫಿಲ್ಮು ಕೂರಿಸಿ, ಮುಚ್ಚಳ ತೆಗೆದು, ಮತ್ತೆ ಮುಚ್ಚಿದೆ. ಕವೆ ಬಿಚ್ಚಿದ್ದೇ ತಡ, ಅತ್ತೆ ಎದ್ದು ನಿಂತರು.

“ಯಾರ್ರೀ ಬಾವಲಿ?”

“ಕೇಳಿಸ್ತಾ ಅತ್ತೆ?”

“ಆ ಬಟ್ಟೆ ಬೆಳಕು ತಡೆಯತ್ತೆ, ಬಾಯಿ ಅಲ್ಲ” ಎಂದಳು ನನ್ನವಳು.

ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡೆ. ಫಿಲ್ಮು ತೊಳೆಯುವ ನೆಪವಿದ್ದದ್ದು ನನ್ನ ಪುಣ್ಯ. ಸಂಜೆ ಪ್ರಿಂಟು ಹಿಡಿದು ಬಂದೆ. ಅತ್ತೆ ಕಿತ್ತುಕೊಂಡು ನೋಡಿದರು. ನೋಡುತ್ತಲೇ ಇದ್ದರು. ಕಾಗದದಲ್ಲಿ ನೆಟ್ಟಗೆ ಕುಳಿತ ಮಹಾರಾಣಿ, ಕಣ್ಣಲ್ಲಿ ಬೆಂಕಿ.

“ಇದು ನಾನು” ಎಂದರು ಮೆಲ್ಲಗೆ. “ಎಲ್ರೂ ನಗಿ ನಗಿ ಅಂತ ಹಲ್ಲು ಕಿರಿಸಿ ಹಾಳು ಮಾಡಿದ್ರು. ನೀವು ಬೈದು ತೆಗೆದ್ರಿ, ನೋಡಿ ಎಂಥಾ ತೇಜಸ್ಸು!”

ಕ್ಯಾಮೆರಾಗಳು ಉಳಿದವು. ನಾನು ಗೆದ್ದೆ. ನನ್ನವಳು ಮುಖ ಸಣ್ಣದು ಮಾಡಿಕೊಂಡಳು. ಆ ಸುಖ ಅತ್ತೆ ಫೋನು ಎತ್ತಿಕೊಳ್ಳುವವರೆಗೆ.

ಅವರಿಗೆ ಮೂವರು ತಂಗಿಯರು. ಮೂವರೂ ಪೆಟ್ಟಿಗೆ ಸಮೇತ ಬಂದಿಳಿದರು. “ಅಳಿಯಂದಿರೇ, ಅಕ್ಕನಿಗೆ ಬೈದ ಹಾಗೇ ನಮಗೂ ಬೈದು ತೆಗೀರಿ!”

ದೊಡ್ಡ ಚಿಕ್ಕತ್ತೆಗೆ, ನೀವು ಹಾಡಿದರೆ ಬಾಗಿಲಿಗೆ ಎಣ್ಣೆ ಬಿಡಬೇಕು ಅನ್ನಿಸುತ್ತೆ ಎಂದೆ. ತೇಜಸ್ಸು ಉಕ್ಕಿತು. ನಡುವಿನವರಿಗೆ, ನೀವು ಹೇಳುವ ವಯಸ್ಸಿನ ಪ್ರಕಾರ ನಿಮ್ಮ ಮಗಳೇ ನಿಮಗಿಂತ ದೊಡ್ಡವಳಂತೆ ಹೌದಾ ಎಂದೆ. ಕವೆಯೇ ಬಾಗಿತು. ಇಬ್ಬರೂ ಚಿತ್ರ ಎದೆಗೊತ್ತಿಕೊಂಡು ಊರಿಗೆ ಹೊರಟರು, ಅತ್ತೆಯೂ ಅವರ ಹಿಂದೆಯೇ.

ಕಿರಿಯ ಚಿಕ್ಕತ್ತೆ ಮಾತ್ರ ಹೂವಿನಂಥ ಹೆಂಗಸು. ಕತ್ತೆ ಎಂದೆ, ಕಿಲಕಿಲ ನಕ್ಕರು. ಎಮ್ಮೆ ಎಂದೆ, “ತಮಾಷೆ ಮಾಡ್ತಾರಪ್ಪ!” ಎಂದು ಕುಲುಕಿದರು. ತೆಗೆದ ಪ್ರತಿ ಚಿತ್ರವೂ ಅಲ್ಲಾಡಿ ಬರೀ ಹೊಗೆ. ಕೊನೆಗೆ ಕಣ್ಣೀರು ಹಾಕಿದರು.

“ಅಕ್ಕಂದಿರಿಗೆಲ್ಲ ಮನಸ್ಸಿಟ್ಟು ಬೈದ್ರಿ. ನಾನಂದ್ರೆ ತಾತ್ಸಾರ. ಸರಿಯಾಗಿ ಬೈಸಿಕೊಳ್ಳೋವರೆಗೂ ಇಲ್ಲಿಂದ ಕದಲಲ್ಲ.”

ಅಂಥ ಮುಗ್ಧೆಯನ್ನು ಹಾಲಿನಲ್ಲಿ ಮಲಗಿಸುವುದುಂಟೇ? ಹಿಂದಿನ ಕೋಣೆ ಅವರದಾಯಿತು. ಅವರು ಅಕ್ಕರೆಯಿಂದ ಏಣಿ ಹಿಡಿದುಕೊಂಡರು, ನಾನು ಒಂದೊಂದೇ ಕ್ಯಾಮೆರಾ ಅಟ್ಟಕ್ಕೇರಿಸಿದೆ.

ಈಗ ಊಟಕ್ಕೆ ಕೂತರೂ ನನಗೆ ಅದೇ ಚಿಂತೆ. ಯಾವ ಬೈಗುಳವೂ ಅವರಿಗೆ ತಾಗುತ್ತಿಲ್ಲ.

“ಅಷ್ಟೂ ಬರಲ್ವೇನ್ರೀ ನಿಮಗೆ?” ಎಂದಳು ನನ್ನವಳು ಅನ್ನ ಬಡಿಸುತ್ತ. “ಇಷ್ಟು ವರ್ಷ ನಾನು ಬೈದಿದ್ದನ್ನ ಗಮನ ಇಟ್ಟು ಕೇಳಿದ್ರೆ, ಇಷ್ಟು ಹೊತ್ತಿಗೆ ಪಂಡಿತರಾಗಿರ್ತಿದ್ರಿ!”