ಹೊಸ ಮಂಡಿ ಬಂತು, ಇದ್ದ ಮಾನ ಹೋಯ್ತು

ಮಾನ ಹೋಗುವಂಥ ಜಾಗಕ್ಕೆ ನಾನಾಗಿ ಯಾವತ್ತೂ ಹೋದವನಲ್ಲ. ಅದೇ ನನ್ನ ಮನೆ ಕೇಳಿಕೊಂಡು ಬರುತ್ತದೆ. ಈ ಸಾರಿ ಬಲಗಾಲಿನ ಮಂಡಿ ಹಿಡಿದುಕೊಂಡು ಬಂತು.

ನಾನು ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಸ್ಸಿನ ಏಣಿ ಹತ್ತಿದವನು. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಬಾಗಿಲು ಬಡಿದು ಊರ ಹೆಸರು ಕೂಗುತ್ತಿದ್ದೆ. ಆಮೇಲೆ ಕಬ್ಬಿನ ಲಾರಿ, ಅದಾದ ಮೇಲೆ ಕುರಿ ವ್ಯಾಪಾರ, ಯಾತ್ರೆ ಬಸ್ಸಿನಲ್ಲಿ ಅಡುಗೆ. ಯಾವ ಕೆಲಸದಿಂದಲೂ ಯಾರೂ ನನ್ನನ್ನು ಬಿಡಿಸಲಿಲ್ಲ, ನಾನೇ ಬಿಟ್ಟು ಹೊರಡುತ್ತಿದ್ದೆ. ಹಾಗೆ ತಿರುಗಿ ತಿರುಗಿ ಮಂಡಿ ಸವೆಸಿಕೊಂಡೆ.

ನಮ್ಮನೆಯವಳ ಮಂಡಿಗಳು ನನ್ನದಕ್ಕಿಂತ ಕೆಟ್ಟಿದ್ದವು. ಅವಳು ತಿರುಗಿ ಸವೆಸಿದ್ದಲ್ಲ, ಕಂಡವರ ಗದ್ದೆಯಲ್ಲೂ ನಮ್ಮ ಗದ್ದೆಯಲ್ಲೂ ನಾಟಿ ಹಾಕಿ ಸವೆಸಿದ್ದು. ಹೊಸ್ತಿಲು ದಾಟಬೇಕಾದರೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಎಳೆದುಕೊಂಡು, ಆಮೇಲೆ ಕಾಲು ಎತ್ತುತ್ತಿದ್ದಳು. ಮಂಡ್ಯದ ಡಾಕ್ಟರು ಇಬ್ಬರನ್ನೂ ನೋಡಿ, ಇಬ್ಬರಿಗೂ ಮಂಡಿ ಬದಲಾಯಿಸಬೇಕು, ಮೊದಲು ಅಮ್ಮನಿಗೆ ಮಾಡೋಣ ಅಂದರು. ಅವಳು ಒಪ್ಪಲಿಲ್ಲ.

“ಮೊದ್ಲು ಇವ್ರಿಗ್ ಮಾಡಿ ಸಾ. ಇವ್ರು ಎದ್ದು ಓಡಾಡದ್ ನೋಡ್ಬುಟ್ಟು ನಂದು ಯೋಳ್ತೀನಿ.”

ಕಲ್ಲಂಗಡಿ ಅಂಗಡಿಯಲ್ಲಿ ಗಿರಾಕಿಗೆ ತೋರಿಸಲಿಕ್ಕೆ ಒಂದು ಹಣ್ಣು ಕೊಯ್ದು ಇಟ್ಟಿರುತ್ತಾರಲ್ಲ, ಆ ಹಣ್ಣು ನಾನಾದೆ. ನಾನು ಚೆನ್ನಾಗಿ ಎದ್ದರೆ ಅವಳ ಕಾಲಿಗೂ ಒಂದು ದಾರಿ. ನಾನು ಕೆಟ್ಟರೆ ಅವಳಿಗೆ ಸಾಯೋತನಕ ಆ ಚೌಕಟ್ಟೇ ಗತಿ. ಇಷ್ಟು ಗೊತ್ತಿದ್ದೂ ನಾನು ಮಾಡಿಕೊಂಡ ಅವಮರ್ಯಾದೆಗಳನ್ನು ಕೇಳಿ.

ಬಾಣದ ಗುರುತು

ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ಬಂದು ನನ್ನ ಬಲತೊಡೆಯ ಮೇಲೆ ಪೆನ್ನಿನಲ್ಲಿ ಒಂದು ಬಾಣದ ಗುರುತು ಬರೆದು ಹೋದರು. ಬೆಳಿಗ್ಗೆ ನರ್ಸಮ್ಮ ಒಂದು ಸೋಪು ಕೊಟ್ಟು, ಚೆನ್ನಾಗಿ ಉಜ್ಜಿ ಸ್ನಾನ ಮಾಡಿ ಅಂದಳು. ಡಾಕ್ಟರ ಎದುರು ಕೊಳೆ ಕಾಲು ಚಾಚಬಾರದು ಅಂತ ನಾನು ಎಮ್ಮೆ ಮೈ ತೊಳೆದ ಹಾಗೆ ಉಜ್ಜಿದೆ. ಬಾಣ ಹೋಯಿತು. ಹೋದ ಮೇಲೆ ನನಗೆ ಜ್ಞಾನೋದಯವಾಯಿತು.

ನರ್ಸಮ್ಮನಿಗೆ ಹೇಳಲು ನಾಚಿಕೆ. ಹೇಳದೆ ಇದ್ದರೆ ಎಡಗಾಲು ಕೊಯ್ದುಬಿಟ್ಟಾರು ಅನ್ನುವ ಭಯ. ಪಕ್ಕದ ಮಂಚದವರ ಹತ್ತಿರ ಪೆನ್ನು ಈಸಿಕೊಂಡು ನಾನೇ ಬರೆದುಕೊಂಡೆ. ಬರೆದು ನೋಡಿದರೆ ನನ್ನ ಬಾಣ ಮಂಡಿ ಕಡೆಗೆ ತಿರುಗದೆ ಪಕ್ಕಕ್ಕೆ ತಿರುಗಿ ಎಡಗಾಲನ್ನು ತೋರಿಸುತ್ತಿತ್ತು. ಅದಕ್ಕೇ ಎಡಗಾಲ ಮೇಲೂ ಒಂದು ಬಾಣ ಬರೆದೆ, ಅದು ಬಲಗಾಲನ್ನು ತೋರಿಸಲಿ ಅಂತ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಬಟ್ಟೆ ಸರಿಸಿದ ಡಾಕ್ಟರು ಒಂದು ಬಾಣದಿಂದ ಇನ್ನೊಂದಕ್ಕೆ ಕಣ್ಣು ಓಡಿಸಿದರು. ಇದು ಯಾರ ಕೆಲಸ ಅಂತ ಕೇಳಿದರು. ನಾನು ಒಪ್ಪಿಕೊಂಡೆ. ಅವರು ಮತ್ತೆ ಎಕ್ಸ್‌ರೇ ತರಿಸಿ, ದೀಪಕ್ಕೆ ಹಿಡಿದು ನೋಡಿ, ಬಲಗಾಲಿಗೆ ಹೊಸ ಬಾಣ ಬರೆದರು. ಆಮೇಲೆ ನರ್ಸಮ್ಮನ ಕೈಗೆ ಪೆನ್ನು ಕೊಟ್ಟು ನನ್ನ ಎಡತೊಡೆಯ ತುಂಬ ದಪ್ಪಕ್ಷರದಲ್ಲಿ ‘ಇದಲ್ಲ’ ಅಂತ ಬರೆಸಿದರು. ಮನೆಗೆ ಬಂದ ಮೇಲೂ ಎಷ್ಟೋ ದಿನ ಅದು ಅಳಿಸಲಿಲ್ಲ.

ಬಾಗಿಲಲ್ಲಿ ನಿಂತವರು

ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಮೇಲಿನದಕ್ಕೂ ಸ್ವಲ್ಪ ಮಂಪರು ಕೊಟ್ಟಿದ್ದರಂತೆ. ಮುಂದಿನದು ನನಗೆ ಗೊತ್ತಿಲ್ಲ, ಗೊತ್ತಾಗಿದ್ದು ಅಲ್ಲಿದ್ದವರು ಹೇಳಿದ ಮೇಲೆ.

ಸುತ್ತಿಗೆ ಬಡಿಯುವ ಸದ್ದು ಕಿವಿಗೆ ಬಿದ್ದಿದ್ದೇ ನಾನು ಹಳೇ ಬಸ್ಸಿನ ಬಾಗಿಲಿಗೆ ಹೋಗಿಬಿಟ್ಟಿದ್ದೇನೆ. ದೊಡ್ಡಿ, ಮದ್ದೂರು, ಗೆಜ್ಜಲಗೆರೆ ಅಂತ ಸರತಿ ತಪ್ಪದೆ ಕೂಗಿದ್ದೇನೆ. ಮಂಚದ ಸುತ್ತ ನಿಂತಿದ್ದ ಹಸಿರು ಬಟ್ಟೆಯವರನ್ನೆಲ್ಲ ನೋಡಿ, ಒಳಗೆ ಖಾಲಿ ಇದೆ, ಬಾಗಿಲಲ್ಲಿ ಯಾಕೆ ನಿಂತಿದ್ದೀರಿ, ಸರೀರಿ ಅಂತ ಗದರಿದ್ದೇನೆ. ಮಂಪರು ಕೊಡುವ ಡಾಕ್ಟರಮ್ಮ ನನ್ನ ತಲೆಯ ಹತ್ತಿರ ಕೂತಿದ್ದರಂತೆ. ಅವರಿಗೆ ಮಾತ್ರ ತುಂಬ ಮರ್ಯಾದೆಯಿಂದ, “ಸೀಟ್ ಸಿಕ್ತಲ್ಲಮ್ಮ, ಇನ್ ಕಣ್ ಮುಚ್ಕಂಡ್ ಮನೀಕಳಿ, ಮಂಡ್ಯ ಬಂದಾಗ ಎಬ್ಬುಸ್ತೀನಿ” ಅಂದಿದ್ದೇನೆ.

ಈ ಕೂಗು ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮನೆಯವಳಿಗೂ ಕೇಳಿದೆ. ಕಾಲು ಸರಿ ಮಾಡುತ್ತೇವೆ ಅಂತ ಕರೆದುಕೊಂಡು ಹೋಗಿ ತಲೆ ಕೆಡಿಸಿಬಿಟ್ಟರು ಅಂದುಕೊಂಡು ಅವಳು ಅಳಲಿಕ್ಕೆ ಶುರು ಮಾಡಿದಳಂತೆ. ಅವಳ ಧೈರ್ಯಕ್ಕೆ ಮೊದಲನೇ ಪೆಟ್ಟು ಅಲ್ಲಿಗೇ ಬಿತ್ತು. ನನಗೆ ಎಚ್ಚರವಾದಾಗ, ತಲೆ ನೆಟ್ಟಗಿದ್ದರೆ ಸಾಕು, ತನ್ನ ಮಂಡಿ ಹೀಗೇ ಇರಲಿ ಅಂತ ಅವಳು ತೀರ್ಮಾನ ಮಾಡಿ ಆಗಿತ್ತು.

ಮಾರನೇ ದಿನ ಡಾಕ್ಟರು ತಮ್ಮ ಹಿಂದೆ ಕಲಿಯುವ ಹುಡುಗರನ್ನೆಲ್ಲ ಕಟ್ಟಿಕೊಂಡು ಬಂದರು. ಅವರೆಲ್ಲ ಬಾಗಿಲಲ್ಲೇ ನಿಂತರು. ಡಾಕ್ಟರು ನನ್ನ ಮುಖ ನೋಡಿ, ಒಳಗೆ ಬರಬಹುದಾ ಅಂತ ಅಪ್ಪಣೆ ಕೇಳಿದರು.

ಕಾಲು ಸೂಪು

ನಮ್ಮ ಕಡೆ ಯಾರಿಗೆ ಮೂಳೆ ಮುರಿದರೂ ನೋಡಲು ಬರುವವರು ಆಡಿನ ಕಾಲಿನ ಸೂಪು ತರುತ್ತಾರೆ. ಮುರಿದ ಮೂಳೆ ಬೇಗ ಕೂಡಲಿ ಅಂತ. ನನಗೆ ಮುರಿದಿರಲಿಲ್ಲ, ಕೊಯ್ದು ತೆಗೆದು ಲೋಹ ಕೂರಿಸಿದ್ದರು. ಆದರೂ ಕೆರಗೋಡಿನಿಂದ ಬಾಮೈದ ಮೊದಲನೇ ಕ್ಯಾರಿಯರು ತಂದ. ಲೋಹಕ್ಕೆ ಸೂಪು ಯಾಕಪ್ಪ ಅಂದೆ.

“ಸುಮ್ನೆ ಕುಡೀರಿ ಬಾವ. ಒಸ ಸಾಮಾನು, ಎಣ್ಣೆ ಪಸೆ ಬ್ಯಾಡ್ವಾ.”

ಅವನ ಹಿಂದೆ ಷಡ್ಡಕ ತಂದ, ಹಳೇ ಲಾರಿ ಡ್ರೈವರು ತಂದ, ಕುರಿ ವ್ಯಾಪಾರದ ಗೆಳೆಯರು ಮಳವಳ್ಳಿಯಿಂದ ಒಂದು ಡಬರಿ ತುಂಬ ತಂದರು. ಒಬ್ಬರದು ಕುಡಿದು ಒಬ್ಬರದು ಬಿಟ್ಟರೆ ಮುನಿಸು. ಎಲ್ಲ ಕುಡಿದೆ. ಹೊಟ್ಟೆ ಕೈಕೊಟ್ಟಿತು. ಎದ್ದು ಹೋಗುವ ಹಾಗಿಲ್ಲ. ಮಗಳ ವಯಸ್ಸಿನ ನರ್ಸಮ್ಮನನ್ನು ಬೆಲ್ಲು ಒತ್ತಿ ಒತ್ತಿ ಕರೆದು, ಮಂಚದ ಮೇಲೇ ಎಲ್ಲ ಮಾಡಿಸಿಕೊಂಡೆ. ಅವಳು ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನಾನೂ ರೇಗಿ ಸ್ವಲ್ಪ ಹಗುರಾಗುತ್ತಿದ್ದೆ. ನಾನು ಗೋಡೆ ಕಡೆ ತಿರುಗಿಕೊಂಡು, ಈ ಮಂಚಕ್ಕೆ ಚಕ್ರವಿದ್ದರೂ ಯಾರೂ ಹಾಗೇ ತಳ್ಳಿಕೊಂಡು ಹೋಗಿ ಹೇಮಾವತಿ ನಾಲೆಗೆ ಬಿಡುತ್ತಿಲ್ಲವಲ್ಲ ಅಂದುಕೊಂಡೆ. ಇದನ್ನೆಲ್ಲ ನಮ್ಮನೆಯವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಇದು ಎರಡನೇ ಪೆಟ್ಟು.

ಡಾಕ್ಟರು ರೇಗಿ, ಈ ಮನುಷ್ಯನಿಗೆ ಬರುವ ಸೂಪನ್ನು ಗೇಟಿನಲ್ಲೇ ತಡೆಯಿರಿ ಅಂತ ಕಾವಲಿನವನಿಗೆ ಹೇಳಿದರು. ಅವನು ನಿಯತ್ತಿನವನು, ಒಂದು ಕ್ಯಾರಿಯರನ್ನೂ ಒಳಗೆ ಬಿಡಲಿಲ್ಲ. ತಂದವರಿಗೆ ಬೇಜಾರಾಗಬಾರದು ಅಂತ ಪಾತ್ರೆ ಖಾಲಿ ಮಾಡಿ, ತೊಳೆದು, ಕೈಗೆ ಕೊಟ್ಟು ಕಳಿಸುತ್ತಿದ್ದ. ನಾನು ಮನೆಗೆ ಹೊರಟ ದಿನ ಆಟೋ ತನಕ ಬಂದು ನನ್ನನ್ನು ಹುಷಾರಾಗಿ ಕೂರಿಸಿದ. ಅವನ ಕೆನ್ನೆ ತುಂಬಿಕೊಂಡಿದ್ದವು.

“ಇನ್ನೊಂದ್ ಮಂಡಿ ಯಾವಾಗ ಮಾಡುಸ್ಕತೀಯಣ್ಣ?” ಅಂದ.

ಅಜ್ಜಿಯ ಸೊಲ್ಲು

ಮನೆಗೆ ಬಂದ ಮೇಲೆ ಅಸಲಿ ಆಟ. ಕಾಲು ಬಗ್ಗಿಸಿ ಮಡಚಿಸುವ ವ್ಯಾಯಾಮಕ್ಕೆ ಮದ್ದೂರಿನಿಂದ ಒಬ್ಬ ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ನೋಡಲು ಕಡ್ಡಿಯ ಹಾಗೆ, ಕೈ ಮಾತ್ರ ಗಾಣ. ಅಂಕಲ್, ಇನ್ನೊಂಚೂರು, ಇನ್ನೊಂಚೂರು ಅಂತ ನಗುತ್ತಲೇ ಮಡಚುತ್ತಿದ್ದಳು. ಮೊದಲನೇ ದಿನವೇ ನಾನು ಕಿರುಚಿದ್ದು ಕೇಳಿ ಬೀದಿ ಕೊನೆಯಲ್ಲಿ ಕಟ್ಟಿದ್ದ ಹಸು ಹಗ್ಗ ಕಿತ್ತುಕೊಂಡಿತು.

ಎದುರು ಮನೆಯ ಅಜ್ಜಿಗೆ ಕಣ್ಣು ಮಂಜು. ನಮ್ಮೂರಲ್ಲಿ ಯಾರು ಸತ್ತರೂ ಮೊದಲು ಹೋಗಿ ಸೊಲ್ಲು ಹೇಳಿ ಅಳುವವಳು ಅವಳೇ. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ರಾಗವಾಗಿ ಅಳುವುದು ಅವಳಿಗೆ ಒಲಿದಿತ್ತು. ನನ್ನ ಕೂಗು ಕೇಳಿದವಳೇ ಸೆರಗು ಬಾಯಿಗಿಟ್ಟುಕೊಂಡು ನಮ್ಮ ಜಗಲಿಗೆ ಬಂದು ಕೂತು ಸೊಲ್ಲು ಎತ್ತಿಕೊಂಡಳು. ಒಳಗೆ ನಾನು ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ. ಸತ್ತ ಮೇಲೆ ಏನು ಹೇಳುತ್ತಾರೆ ಅಂತ ಬದುಕಿರುವಾಗಲೇ ಕೇಳುವ ಭಾಗ್ಯ ಎಷ್ಟು ಜನಕ್ಕೆ ಇದೆ. ನೀನೆಷ್ಟು ಒಳ್ಳೆಯವನು ಅಂತ ಬರುತ್ತದೆ ಅಂದುಕೊಂಡೆ.

“ಊರೂರ್ ಸುತ್ತುದ್ಯಲ್ಲಪ್ಪೋ, ಒಂದ್ ಅಬ್ಬಕ್ಕೂ ಮನೇಲಿರ್ನಿಲ್ವಲ್ಲಪ್ಪೋ. ಕಟ್ಕಂಡೋಳ್ನ ಕೆಸ್ರುಗ್ ಬುಟ್ಟು ಬಸ್ ಅತ್ಕಂಡ್ಯಲ್ಲಪ್ಪೋ.”

ಅಷ್ಟು ಹೊತ್ತಿಗೆ ಬೀದಿ ಸೇರಿತ್ತು. ಸತ್ತಿಲ್ಲ ಅಂತ ಗೊತ್ತಿದ್ದವರೂ ನಿಂತು ಕೇಳುತ್ತಿದ್ದರು. ಕೆಲವರು ತಲೆಯಾಡಿಸುತ್ತಿದ್ದರು. ವ್ಯಾಯಾಮದ ಹುಡುಗಿ ನನ್ನ ಕಾಲು ಹಿಡಿದುಕೊಂಡೇ ಕಿಟಕಿ ಕಡೆ ಕಿವಿ ಕೊಟ್ಟಿದ್ದಳು. ತಡೆಯಲಾರದೆ, ನಾನಿನ್ನೂ ಬದ್ಕಿವ್ನಿ ಕಣಜ್ಜಿ ಅಂತ ಒಳಗಿಂದಲೇ ಹೇಳಿದೆ.

ಅಜ್ಜಿ ಕಣ್ಣೊರೆಸಿಕೊಂಡು ಕಿಟಕಿ ಕಡೆ ತಿರುಗಿದಳು. “ಇದ್ರೆ ಸುಮ್ಕಿರ್ಲಾ. ಎತ್ಕಂಡಿವ್ನಿ, ಮುಗುಸ್ಬುಟ್ಟು ಓಯ್ತೀನಿ.”

ಮುಗಿಸಿಯೇ ಹೋದಳು.

ನಗುವಿನ ನಡುವೆ ನಾನು ಹಾಳು ಮಾಡಿದ್ದು ಇನ್ನೊಂದಿತ್ತು. ಅವತ್ತು ಸಂಜೆ ನಮ್ಮನೆಯವಳು ನೀರು ತಂದಿಟ್ಟು, ನಿಮ್ಮಂಥ ಗಂಡಸೇ ಹಿಂಗೆ ಕಿರುಚಿದರೆ ನಾನೆಲ್ಲಿ ತಡೀತೀನಿ, ಆ ಡಾಕ್ಟರಿಗೆ ಬೇಡ ಅಂತ ಹೇಳಿಬಿಡಿ ಅಂದಳು. ಬೈದು ಹೇಳಿದ್ದರೆ ವಾದ ಮಾಡಬಹುದಿತ್ತು. ಮೆಲ್ಲಗೆ ಹೇಳಿ, ಚೌಕಟ್ಟು ಹಿಡಿದುಕೊಂಡು ಹೊಸ್ತಿಲು ದಾಟಿ ಹೋದಳು. ನೋವು ಅಷ್ಟಿರಲಿಲ್ಲ, ಭಯಕ್ಕೆ ಕಿರುಚಿದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಬೀಗರೂಟ

ದಿನ ಕಳೆಯಿತು. ಗಾಯ ಒಣಗಿತು. ವಾಕರು ಬಿಟ್ಟು ನಡೆಯಿರಿ, ಕಾಲು ಗಟ್ಟಿಯಾಗಿದೆ ಅಂತ ವ್ಯಾಯಾಮದ ಹುಡುಗಿ ಬಡಿದುಕೊಂಡಳು. ನನಗೆ ಧೈರ್ಯವಿಲ್ಲ. ನಾಲ್ಕು ಕಾಲಿನ ಆ ಕಬ್ಬಿಣದ ಚೌಕಟ್ಟು ತಳ್ಳಿಕೊಂಡು ಕಕ್ಕಸಿಗೆ ಹೋಗಿ ಬರುವುದೇ ನನ್ನ ಯಾತ್ರೆ. ಮಿಕ್ಕಿದ್ದಕ್ಕೆಲ್ಲ ನಮ್ಮನೆಯವಳೇ ಕುಂಟಿಕೊಂಡು ಬರಬೇಕು. ಆಪರೇಷನ್ ಕೆಟ್ಟಿತು ಅಂತಲೇ ಅವಳು ಊರಿಗೆಲ್ಲ ಹೇಳಿದ್ದಳು, ನಾನೂ ಹಾಗೇ ನಂಬಿದ್ದೆ.

ಅಂಥ ಹೊತ್ತಿನಲ್ಲಿ ಬೆಸಗರಹಳ್ಳಿಯಲ್ಲಿ ಅವಳ ಅಕ್ಕನ ಮಗನ ಬೀಗರೂಟ ಬಂತು. ಮದುವೆ ತಪ್ಪಿಸಿದರೂ ನಮ್ಮ ಜನ ಬೀಗರೂಟದ ಬಾಡು ತಪ್ಪಿಸುವುದಿಲ್ಲ. ಆಟೋದಲ್ಲಿ ಇಬ್ಬರೂ ಹೋದೆವು. ಅಲ್ಲಿ ಜಾಗ ಹಿಡಿಯುವ ಪದ್ಧತಿ ಗೊತ್ತಲ್ಲ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಕುರ್ಚಿ ಹಿಡಿದು, ಅವರು ಮೂಳೆ ಚೀಪುವುದನ್ನು ನೋಡುತ್ತ ಕಾಯಬೇಕು. ಎದ್ದ ತಕ್ಷಣ ಕೂರಬೇಕು. ನಮ್ಮನೆಯವಳು ಒಂದು ಕಾಲದಲ್ಲಿ ಇದರಲ್ಲಿ ನಿಸ್ಸೀಮಳು, ತನಗೂ ನಾಲ್ಕು ಜನಕ್ಕೂ ಜಾಗ ಹಿಡಿಯುತ್ತಿದ್ದಳು. ಈಗ ಶಾಮಿಯಾನದ ಬಾಗಿಲಲ್ಲೇ ಕೂತು, ನನಗೆ ನುಗ್ಗಕ್ಕಾಗಕ್ಕಿಲ್ಲ, ಎಲ್ಲರದೂ ಮುಗಿದ ಮೇಲೆ ಮಿಕ್ಕಿದ್ದು ಉಣ್ಣೋಣ ಅಂದಳು. ನಾನು ವಾಕರು ಹಿಡಿದು ಪಕ್ಕದಲ್ಲಿ ನಿಂತೆ.

ಗಾಳಿ ಬಾಡಿನ ಘಮ ಹೊತ್ತು ನಮ್ಮ ಕಡೆಗೆ ಬೀಸಿತು. ಎದುರು ಸಾಲಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಎಲೆ ಮಡಚಿದ. ಅವನ ಹಿಂದೆ ಯಾರೂ ಇರಲಿಲ್ಲ. ಆ ಕಡೆಯಿಂದ ಒಬ್ಬ ಪಂಚೆಯವನು ಅದನ್ನೇ ನೋಡಿಕೊಂಡು ಬರುತ್ತಿದ್ದ.

ಆಮೇಲೆ ನನಗೆ ಗೊತ್ತಾಗಿದ್ದು ನಾನು ಕುರ್ಚಿಯಲ್ಲಿ ಕೂತಿದ್ದು ಮಾತ್ರ. ನಡುವೆ ಒಂದು ನೀರಿನ ಡ್ರಮ್ಮು, ಶಾಮಿಯಾನದ ಹಗ್ಗ, ಬಡಿಸುವವನ ಬಕೀಟು ಎಲ್ಲ ದಾಟಿದ್ದೇನೆ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಮೊದಲನೇ ತುತ್ತು ಮುರಿದೆ. ತಲೆ ಎತ್ತಿದರೆ ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ನನ್ನನ್ನು ನೋಡುತ್ತಿತ್ತು. ಸೋತ ಪಂಚೆಯವನ ಬಾಯಿ ತೆರೆದೇ ಇತ್ತು.

ಶಾಮಿಯಾನದ ಬಾಗಿಲಿಂದ ನಮ್ಮನೆಯವಳು ಬಂದಳು. ನನ್ನ ವಾಕರು ತಳ್ಳಿಕೊಂಡು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತಳು.

“ಯಾರೋ ಇದ್ನ ಬಾಗ್ಲಲ್ ಬುಟ್ಟು ಓಗವ್ರೆ. ನಿಮ್ದಾ?”

ಶಾಮಿಯಾನವೇ ನಕ್ಕಿತು. ಅವಳು ನಗಲಿಲ್ಲ. ಬಗ್ಗಿ ನನ್ನ ಕಿವಿಯ ಹತ್ತಿರ, ಬಾಡು ಕಂಡು ಎದ್ದ ಕಾಲು ನಾನು ಒಂದು ಲೋಟ ನೀರು ಕೇಳಿದಾಗ ಯಾಕೆ ಏಳಲಿಲ್ಲ ಅಂದಳು. ನಾನು ಎಲೆ ಬಿಟ್ಟು ಎದ್ದೆ. ಅವಳು ಕೂತಳು. ಅವಳು ನಿಧಾನವಾಗಿ ಉಂಡು, ಇನ್ನೊಂದು ಸಾರಿ ಬಡಿಸಿಕೊಂಡು, ಮೂಳೆಯೆಲ್ಲ ಚೀಪಿ ಮುಗಿಸುವವರೆಗೂ ನಾನು ವಾಕರು ಮುಟ್ಟದೆ ಕುರ್ಚಿ ಹಿಡಿದು ನೆಟ್ಟಗೆ ನಿಂತಿದ್ದೆ. ಕೈ ತೊಳೆದ ಮೇಲೆ, ನಾಳೆ ಮಂಡ್ಯಕ್ಕೆ ಹೋಗೋಣ ಅಂದಳು.

ಮಾರನೇ ದಿನ ಡಾಕ್ಟರ ಎದುರು ಕೂತು ಅವಳು ಇಡೀ ಪ್ರಸಂಗವನ್ನು ಡ್ರಮ್ಮು ಬಕೀಟು ಸಮೇತ ಹೇಳಿದಳು. ನರ್ಸಮ್ಮಂದಿರು ಬಾಗಿಲಲ್ಲಿ ಸೇರಿಕೊಂಡರು. ನಾನು ನೆಲ ನೋಡುತ್ತಿದ್ದೆ. ಡಾಕ್ಟರಿಗೆ ಖುಷಿಯೋ ಖುಷಿ. ಹಾಗಾದರೆ ಅಮ್ಮ, ನಿಮ್ಮದು ಯಾವಾಗ ಮಾಡೋಣ ಅಂತ ಕೇಳಿದರು. ಯಾವಾಗಾದರೂ ಮಾಡಿ, ಆದರೆ ನಂದೊಂದು ಮಾತು ಇದೆ ಅಂದಳು. ಏನು ಅಂದರು.

“ಇವ್ರಿಗ್ ಆಕಿರೋ ಅಂತದ್ದೇ ನಂಗೂ ಆಕಿ ಸಾ. ಅದ್ಕಿಂತ ಕಮ್ಮೀದು ಆಕುದ್ರೆ ಇವ್ರನ್ನ ಓಡೋಗಿ ಇಡಿಯಕ್ಕಾಗಕ್ಕಿಲ್ಲ.”